ಜುಟ್ಟಿಯ ಮೊಟ್ಟೆಗಳು ಹಳೆಯವಾಗಿರಲಿಲ್ಲ

ಗೌರತ್ತೆ ಕೊಟ್ಟ ಮೊಟ್ಟೆಗಳು ಹಳೆಯವಾಗಿರಲಿಲ್ಲ. ಅವನ್ನು ಕೆಡಿಸಿದವಳು ನಾನು. ಕೆಡಿಸಿದ್ದು ಸಾಲದೆ, ಅವು ಹಳೆಯವೇ ಎಂದು ಅವಳ ಎದುರಿಗೇ ನಿಂತು ವಾದಿಸಿ ಗೆದ್ದವಳೂ ನಾನೇ.

ಇಷ್ಟು ಹೇಳಿ ಸುಮ್ಮನಾಗಬಹುದು. ತಪ್ಪೊಪ್ಪಿಕೊಳ್ಳಲು ಎರಡು ವಾಕ್ಯ ಸಾಕು, ಮೂರನೆಯದರಿಂದ ಸಬೂಬು ಶುರುವಾಗುತ್ತದೆ — ಎದುರು ಪಕ್ಷದಲ್ಲಿ ಕೂತಿದ್ದರೆ ನಾನೇ ಎದ್ದು ಹೀಗೆ ಹೇಳುತ್ತಿದ್ದೆ. ಆದರೂ ಮುಂದುವರಿಸುತ್ತೇನೆ. ಏಕೆಂದರೆ ನಾನು ಸುಳ್ಳನ್ನು ಬಾಯಿ ತಪ್ಪಿ ಆಡಿದವಳಲ್ಲ. ಪಾಯಿಂಟಿನ ಮೇಲೆ ಪಾಯಿಂಟು ಪೇರಿಸಿ, ಕೊನೆಗೊಂದು ಪ್ರಶ್ನೆ ಎಸೆದು, ಚೆನ್ನಾಗಿ ಕಟ್ಟಿದ್ದೆ. ಕಟ್ಟಿದ್ದನ್ನು ಬಿಚ್ಚಲೂ ಅಷ್ಟೇ ಹೊತ್ತು ಹಿಡಿಯುತ್ತದೆ.

ನಮ್ಮ ಹೊಲ ಮಾಕಳಿದುರ್ಗದ ಬೆಟ್ಟದ ಬೆನ್ನಿಗಿದೆ. ನಮ್ಮದು ಅನ್ನುವುದು ಈಗ. ಆಗ ಅದು ದೊಡ್ಡಮ್ಮನದು — ನನ್ನ ಅಮ್ಮನ ಅಕ್ಕ, ನಂಜಮ್ಮ. ನಾನು ದೊಡ್ಡಬಳ್ಳಾಪುರದಲ್ಲಿ ಡಿಗ್ರಿ ಓದುತ್ತಿದ್ದೆ, ಶನಿವಾರ ಬಂತೆಂದರೆ ಅಲ್ಲಿಗೆ ಓಡುತ್ತಿದ್ದೆ. ರಾಗಿ ಹೊಲ, ರಾಗಿಯ ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಒಂದು ಹಸು, ಅದರ ಕರು, ನಾಲ್ಕಾರು ಮೇಕೆ. ಮತ್ತೆ ಕೋಳಿಗಳು — ಬೆಳಗ್ಗೆ ಗೂಡಿನ ಬಾಗಿಲು ತೆಗೆದರೆ ಸಂಜೆಯವರೆಗೆ ಯಾರ ಮಾತಿಗೂ ಸಿಗದ ಕೋಳಿಗಳು. ಹಸು ಸಗಣಿ ಹಾಕುತ್ತದೆ, ಕೋಳಿ ಅದನ್ನು ಕೆದಕಿ ಹುಳ ತಿನ್ನುತ್ತದೆ, ಕೆದಕಿದ್ದು ಗೊಬ್ಬರವಾಗುತ್ತದೆ, ಗೊಬ್ಬರ ರಾಗಿಗೆ ಹೋಗುತ್ತದೆ, ರಾಗಿ ಹುಲ್ಲು ಮತ್ತೆ ಹಸುವಿಗೆ. ಯಾರೂ ಯಾರಿಗೂ ಸಂಬಳ ಕೊಡದ ಕಾರ್ಖಾನೆ.

ಪಕ್ಕದ ಹೊಲ ಗೌರತ್ತೆಯದು. ಅತ್ತೆ ಅನ್ನುವುದು ರಕ್ತದಿಂದಲ್ಲ, ಬದುವಿನಿಂದ. ಎರಡು ಹೊಲಗಳ ನಡುವೆ ಇದ್ದದ್ದು ಒಂದು ಬದು, ಬದುವಿನ ಮೇಲೊಂದು ಹೊಂಗೆ ಮರ, ಅಷ್ಟೇ. ನಮ್ಮ ಕೋಳಿಗಳು ಮಧ್ಯಾಹ್ನ ಆ ಹೊಂಗೆಯ ನೆರಳಲ್ಲಿ ಮಣ್ಣು ಎರಚಿಕೊಂಡು ಸ್ನಾನ ಮಾಡುತ್ತಿದ್ದವು. ಅವಳ ಕೋಳಿಗಳು ನಮ್ಮ ಹಸುವಿನ ಕೊಟ್ಟಿಗೆಗೆ ಬಂದು ಮೊಟ್ಟೆ ಇಡುತ್ತಿದ್ದವು. ಯಾರ ಜಾಗದಲ್ಲಿ ಇಟ್ಟರೂ ಮೊಟ್ಟೆ ಕೋಳಿಯ ಮನೆಗೇ ಸೇರಬೇಕು ಎನ್ನುವುದು ಅಲ್ಲಿನ ಕಾನೂನು. ಸುಗ್ಗಿ ಮುಗಿದ ಮೇಲೆ ಗೌರತ್ತೆಯ ಗಂಡ ಚಿಕ್ಕಣ್ಣ ಮಾವ ತನ್ನ ಕುರಿ ಮಂದೆಯನ್ನು ರಾತ್ರಿ ಹೊತ್ತು ನಮ್ಮ ಹೊಲದಲ್ಲಿ ತಂಗಿಸುತ್ತಿದ್ದ. ಹೊಲಕ್ಕೆ ಗೊಬ್ಬರ, ಮಂದೆಗೆ ಜಾಗ. ಇದ್ಯಾವುದಕ್ಕೂ ಕಾಗದವಿರಲಿಲ್ಲ.

ಗೌರತ್ತೆಗೆ ಒಂದು ಜುಟ್ಟಿನ ಕೋಳಿ ಇತ್ತು. ಹೆಸರೂ ಜುಟ್ಟಿ. ತಲೆಯ ಮೇಲೆ ಪುಕ್ಕದ ಗೊಂಚಲು, ಮದುವೆ ಮನೆಗೆ ಹೊರಟವಳ ಠೀವಿ. ಗೌರತ್ತೆಯ ತವರು ನಂದಗುಡಿ ಕಡೆ. ಮದುವೆಯಾಗಿ ಬರುವಾಗ ಅವಳ ಅವ್ವ ಮಂಕರಿಯಲ್ಲಿಟ್ಟು ಕಳಿಸಿದ್ದ ಕೋಳಿಯ ಮಗಳೋ, ಮೊಮ್ಮಗಳೋ, ಮರಿಮಗಳೋ ಇದು. ಅವ್ವ ಹೋಗಿದ್ದಳು. ತವರಿನಿಂದ ಬಂದದ್ದರಲ್ಲಿ ಇನ್ನೂ ಉಸಿರಾಡುತ್ತಿದ್ದದ್ದು ಈ ಸಂತಾನ ಒಂದೇ. ಜುಟ್ಟಿನ ಮರಿಗಳು ಕೆಲವು ಹಬ್ಬಕ್ಕೆ ಹೋಗಿದ್ದವು, ಕೆಲವು ಹದ್ದಿಗೆ. ಕೊನೆಗೆ ಉಳಿದವಳು ಜುಟ್ಟಿ, ಅವಳಿಗೂ ವಯಸ್ಸಾಗಿತ್ತು. ಮೊಟ್ಟೆ ಇಡುತ್ತಿದ್ದಳು, ಕಾವಿಗೆ ಕೂರುತ್ತಿರಲಿಲ್ಲ. ಇಟ್ಟು, ತಿರುಗಿಯೂ ನೋಡದೆ ಹೊರಟುಬಿಡುತ್ತಿದ್ದಳು.

ಕಾವಿಗೆ ಹೆಸರಾದವಳು ನಮ್ಮ ಕರಿಕೋಳಿ. ಹಾಗಾಗಿ ಗೌರತ್ತೆ ಜುಟ್ಟಿಯ ಮೊಟ್ಟೆಗಳನ್ನು ರಾಗಿ ಮಡಕೆಯಲ್ಲಿ ಕೂಡಿಟ್ಟು, ಒಂದು ದಿನ ನೀಲಿ ಬೇಸನ್ನಿನಲ್ಲಿ ಹೊತ್ತು ತಂದಳು. ಪಾಲಿಗೆ. ಅವಳ ಮೊಟ್ಟೆ, ನಮ್ಮ ಕಾವು. ಮರಿಗಳು ಅರ್ಧ ಅವಳಿಗೆ, ಅರ್ಧ ನಮಗೆ.

"ನಂಜಕ್ಕ, ಜುಟ್ಟು ಬಂದ್ ಮರಿ ಮಾತ್ರ ನಂಗೇ ಬೇಕು. ಬ್ಯಾರೆದ್ರಲ್ಲಿ ಬೇಕಾರೆ ಒಂದ್ ಜಾಸ್ತಿ ಇಟ್ಕೋ" ಎಂದಳು.

"ಆಗ್ಲೇ ಜುಟ್ಟು ಕಾಣುಸ್ತದೇನೇ ನಿಂಗೆ? ಮೊದ್ಲು ಮೊಟ್ಟೆ ಒಡೀಲಿ" ಎಂದು ದೊಡ್ಡಮ್ಮ ನಕ್ಕಳು.

ದೊಡ್ಡಮ್ಮ ಬಿದಿರು ಮಂಕರಿಗೆ ಮರಳು ಹಾಕಿ, ಹುಲ್ಲು ಹಾಸಿ, ಒಂದೊಂದು ಮೊಟ್ಟೆಗೂ ಇದ್ದಿಲಿನಲ್ಲಿ ಗೆರೆ ಎಳೆದು ಜೋಡಿಸಿದಳು. ಗೆರೆ ಯಾಕೆಂದರೆ, ಮಧ್ಯೆ ಬೇರೆ ಕೋಳಿ ಬಂದು ಹೊಸ ಮೊಟ್ಟೆ ಇಟ್ಟರೆ ಗೊತ್ತಾಗಲಿ ಎಂದು. ಇದು ನನಗೆ ಒಪ್ಪಿಗೆ. ಆಮೇಲೆ ಹುಲ್ಲಿನಡಿ ಒಂದು ಒಣಮೆಣಸಿನಕಾಯಿ ಮತ್ತು ಮುರುಕಲು ಕುಡುಗೋಲಿನ ತುಂಡು ಇಟ್ಟಳು. ಗುಡುಗಿಗೆ ಮೊಟ್ಟೆ ಕೆಡದಿರಲಿ ಎಂದು. ಇದು ನನಗೆ ಒಪ್ಪಿಗೆಯಲ್ಲ.

"ಗುಡುಗಿಗೂ ಮೊಟ್ಟೆಗೂ ಏನ್ ಸಂಬಂಧ ದೊಡ್ಡಮ್ಮ?"

"ಗುಡುಗಿದ್ರೆ ನಿನ್ ಎದೆ ಝಲ್ ಅನ್ನಾಕಿಲ್ವಾ? ಅದರೊಳ್ಗೂ ಒಂದ್ ಎದೆ ಐತೆ ಕಣಮ್ಮಿ."

"ಹಂಗಾರೆ ನಾನೂ ದಿಂಬಿನ ಕೆಳಗೆ ಕುಡ್ಲು ಇಟ್ಕೊಂಡ್ ಮಲಗ್ಲಾ?"

"ನಿನ್ ನಾಲ್ಗೇನೇ ಕುಡ್ಲು. ಬ್ಯಾರೆ ಯಾಕೆ?"

ಗೌರತ್ತೆ ಬದುವಿನವರೆಗೂ ನಗುತ್ತ ಹೋದಳು. ಆ ನಗು ನನಗೆ — ಹೇಗೆ ಹೇಳಲಿ — ಕಾಲೇಜಿನ ಚರ್ಚಾಕೂಟದಲ್ಲಿ ಎದುರಾಳಿಗಳನ್ನು ಮಾತಾಡದಂತೆ ಮಾಡುತ್ತಿದ್ದವಳು ನಾನು, ಇಲ್ಲಿ ಒಂದು ಮಂಕರಿಯ ಮುಂದೆ ಸೋತಿದ್ದೆ. ಸಾಲದ್ದಕ್ಕೆ ತಾಲ್ಲೂಕು ಮಟ್ಟದ ಸ್ಪರ್ಧೆ ಹತ್ತಿರವಿತ್ತು. ವಿಷಯ, ಹಳ್ಳಿಯ ನಂಬಿಕೆಗಳು ವಿಜ್ಞಾನವೋ ಮೌಢ್ಯವೋ. ನಾನು ಮೌಢ್ಯವೆನ್ನುವ ಪಕ್ಷ. ಪ್ರತ್ಯಕ್ಷ ಪುರಾವೆ ಸಿಕ್ಕರೆ ಯಾರು ಬಿಡುತ್ತಾರೆ? ಕಬ್ಬಿಣ ತೆಗೆದಿಡುವುದು, ಗುಡುಗಲು ಬಿಡುವುದು, ಮರಿಗಳು ಬಂದ ಮೇಲೆ ವೇದಿಕೆ ಹತ್ತುವುದು. ಪ್ರಯೋಗದಲ್ಲಿ ದೋಷ ಕಾಣುತ್ತಿದೆಯೇ? ನನಗೂ ಕಾಣಲಿಲ್ಲ.

ಮಳೆಗಾಲಕ್ಕೆ ಮುಂಚಿನ ಗುಡುಗಿನ ದಿನಗಳು ಅವು. ಒಂದು ಮಧ್ಯಾಹ್ನ ದೊಡ್ಡಮ್ಮ ಮೇಕೆಗಳಿಗೆ ಸೊಪ್ಪು ತರಲು ಹೋಗಿದ್ದಳು. ಕರಿಕೋಳಿ ಮೇವಿಗೆ ಎದ್ದದ್ದೇ ತಡ, ನಾನು ಹೋಗಿ ಕಬ್ಬಿಣದ ತುಂಡು ತೆಗೆದೆ. ಅಲ್ಲಿಗೆ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಗುಡುಗಿಗೆ ಮೊದಲು ಮೊಟ್ಟೆಗಳು ಚೆನ್ನಾಗಿದ್ದವೆಂದು ಖಾತ್ರಿಪಡಿಸಿಕೊಳ್ಳಬೇಡವೇ? ಮೊಟ್ಟೆಗಳನ್ನೆಲ್ಲ ನೀಲಿ ಬೇಸನ್ನಿಗೆ ಹಾಕಿಕೊಂಡು, ಕೋಳಿ ವಾಪಸ್ ಬಂದು ಖಾಲಿ ಮಂಕರಿ ಕಂಡು ರಂಪ ಮಾಡದಿರಲೆಂದು ಕೋಣೆಯ ಬಾಗಿಲು ಮುಚ್ಚಿ, ಹೊರಜಗುಲಿಯ ಮೂಲೆಯಲ್ಲಿ ಟವೆಲ್ ಮುಸುಕು ಹಾಕಿಕೊಂಡು ಮೊಬೈಲ್ ಟಾರ್ಚಿನ ಮೇಲೆ ಒಂದೊಂದನ್ನೇ ಹಿಡಿದು ನೋಡಿದೆ.

ಕಂಡಿತು. ಕೆಂಪು ಎಳೆಗಳು, ಜೇಡದ ಬಲೆಯಂತೆ. ನಡುವೆ ಒಂದು ಚುಕ್ಕೆ. ಚುಕ್ಕೆ ಮಿಡಿಯುತ್ತಿತ್ತು. ಒಂದರಲ್ಲಲ್ಲ — ಎಲ್ಲದರಲ್ಲೂ. ದೊಡ್ಡಮ್ಮ ಹೇಳಿದ್ದು ಸರಿ, ಅದರೊಳಗೂ ಒಂದು ಎದೆ ಇತ್ತು.

ಇದನ್ನು ನೆನಪಿಟ್ಟುಕೊಳ್ಳಿ. ಗೌರತ್ತೆಯ ಮೊಟ್ಟೆಗಳು ತಾಜಾ ಇದ್ದವು, ಬದುಕಿದ್ದವು ಎಂದು ಕಣ್ಣಾರೆ ಕಂಡ ಸಾಕ್ಷಿ ಇಡೀ ಊರಿನಲ್ಲಿ ಒಬ್ಬಳೇ. ನಾನು.

ಆಗ ಫೋನು ಬಂತು. ನನ್ನ ಚರ್ಚೆಯ ಜೋಡಿ, ರಿಹರ್ಸಲ್ಲಿಗೆ. ಬೇಸನ್ನನ್ನು ಜಗುಲಿಯ ಅಂಚಿಗೆ ಸರಿಸಿ, ಸಿಗ್ನಲ್ಲು ಹುಡುಕಿಕೊಂಡು ಕೊಟ್ಟಿಗೆಯ ಆಚೆ ಹೋದೆ. ಮೂಢನಂಬಿಕೆಯ ಮೇಲೆ ಎಂತಹ ದಾಳಿ ಮಾಡಿದೆನೆಂದರೆ, ಗಾಳಿ ಎದ್ದದ್ದು, ಗುಡುಗಿದ್ದು, ಮಳೆ ಬಂದದ್ದು ಯಾವುದೂ ನನ್ನ ನಾಲಿಗೆಗೆ ಅಡ್ಡಿಯಾಗಲಿಲ್ಲ. ಕೊಟ್ಟಿಗೆಯ ಮಾಡಿನಡಿ ನಿಂತು ಖಂಡನೆ, ಮಂಡನೆ, ಮರುಖಂಡನೆ ಎಲ್ಲ ಮುಗಿಸಿ, ಮಳೆ ತಗ್ಗಿದ ಮೇಲೆ ವಾಪಸಾದೆ. ಸೂರಿನ ನೀರು ನೇರವಾಗಿ ಬೇಸನ್ನಿಗೆ ಸುರಿದಿತ್ತು. ಆಲಿಕಲ್ಲೂ ಬಿದ್ದಿದ್ದವು. ತುಂಬಿದ ತಣ್ಣೀರಿನಲ್ಲಿ ಜುಟ್ಟಿಯ ಮೊಟ್ಟೆಗಳು — ಮುಚ್ಚಿದ ಬಾಗಿಲ ಮುಂದೆ ಕರಿಕೋಳಿ, ನೆನೆದು ಮುದ್ದೆಯಾಗಿ, ಒಳಗೆ ಬಿಡೇ ಎಂದು ಕೂಗುತ್ತ...

ಒರೆಸಿದೆ. ಇದ್ದಿಲ ಗೆರೆಗಳು ತೊಳೆದುಹೋಗಿದ್ದವು. ಬ್ಯಾಗಿನಲ್ಲಿದ್ದ ಕಾಡಿಗೆ ಪೆನ್ಸಿಲಿನಿಂದ ಮತ್ತೆ ಎಳೆದೆ. ಮಂಕರಿಯಲ್ಲಿ ಜೋಡಿಸಿದೆ. ಕಬ್ಬಿಣವನ್ನು ಅದರ ಜಾಗದಲ್ಲೇ ಇಟ್ಟೆ. ದೊಡ್ಡಮ್ಮ ಸೊಪ್ಪಿನ ಹೊರೆ ಇಳಿಸುವಾಗ ನಾನು ಜಗುಲಿಯಲ್ಲಿ ಪುಸ್ತಕ ಹಿಡಿದು ಕೂತಿದ್ದೆ. ಏನೂ ಆಗಲಿಕ್ಕಿಲ್ಲ ಎಂದುಕೊಂಡೆ. ಇಲ್ಲ — ಹಾಗೆ ಅಂದುಕೊಳ್ಳಲು ಪ್ರಯತ್ನಪಟ್ಟೆ.

ಮರಿ ಬರಬೇಕಾದ ದಿನ ಬಂತು, ಹೋಯಿತು. ಕರಿಕೋಳಿ ಪಾಪ, ಏಳಲೇ ಇಲ್ಲ. ಕೊನೆಗೆ ಒಂದು ಮೊಟ್ಟೆ ತಾನಾಗಿ ಸಿಡಿದು ಮನೆಯೆಲ್ಲ ನಾರಿತು. ಉಳಿದವನ್ನು ಒಡೆದು ನೋಡೋಣ ಎಂದಳು ದೊಡ್ಡಮ್ಮ. "ಬೇಡ, ವಾಸ್ನೆ ತಡೆಯಕ್ಕಾಗಲ್ಲ, ಹಂಗೇ ತಿಪ್ಪೆಗೆ ಹಾಕು" ಎಂದವಳು ನಾನು. ಒಡೆದಿದ್ದರೆ ಅರ್ಧ ಬೆಳೆದ ಮರಿಗಳು ಕಾಣುತ್ತಿದ್ದವೇನೋ ಎಂಬ ಭಯ ನನಗೆ.

ಅದೇ ಹೊತ್ತಿಗೆ ಗೌರತ್ತೆ ಪಾಲಿನ ಮರಿ ಒಯ್ಯಲು ಮಂಕರಿ ಹಿಡಿದುಕೊಂಡು ಬಂದಳು.

"ಎಲ್ಲಿ ನಂಜಕ್ಕ, ನಮ್ ತವರಿನೋರು?"

ದೊಡ್ಡಮ್ಮ ತಿಪ್ಪೆ ತೋರಿಸಿದಳು. ಗೌರತ್ತೆ ಮೂಗಿಗೆ ಸೆರಗು ಹಿಡಿದಳು.

"ಮೆಣಸಿನ್ಕಾಯಿ ಇಟ್ಟಿದ್ದೆ, ಕಬ್ಣ ಇಟ್ಟಿದ್ದೆ. ಈಗ್ಲೂ ಅಲ್ಲೇ ಐತೆ ನೋಡು. ಕರಿಕೋಳಿ ಯಾವತ್ತೂ ಹಿಂಗ್ ಮಾಡ್ದೋಳಲ್ಲ" ಎಂದಳು ದೊಡ್ಡಮ್ಮ.

"ಹಂಗಂದ್ರೆ? ನನ್ ಮೊಟ್ಟೆ ಕೆಟ್ಟಿದ್ವು ಅಂತೀಯಾ?"

"ನಾನ್ ಹಂಗಂದ್ನಾ? ನೀನೇ ಹೇಳಮ್ಮಿ, ಓದ್ದೋಳು."

ನೋಡಿ ತರ್ಕದ ಚಂದ. ಕಬ್ಬಿಣ ಮಂಕರಿಯಲ್ಲೇ ಇದೆ, ಆದ್ದರಿಂದ ಗುಡುಗು ನಿರಪರಾಧಿ. ಕರಿಕೋಳಿಯ ಚಾರಿತ್ರ್ಯ ಪ್ರಸಿದ್ಧ, ಆದ್ದರಿಂದ ಅವಳೂ ಖುಲಾಸೆ. ನಾನು ಯಾವ ನಂಬಿಕೆಯನ್ನು ಹೊಡೆದುಹಾಕಲು ಹೊರಟಿದ್ದೆನೋ, ಅದೇ ನನ್ನ ವಕೀಲಿಕೆ ವಹಿಸಿಕೊಂಡಿತ್ತು. ಕಟಕಟೆಯಲ್ಲಿ ಉಳಿದದ್ದು ಮೊಟ್ಟೆ ಮಾತ್ರ.

"ಮೊಟ್ಟೆನೇ ಹಳೇವಿರ್ಬೇಕು, ದೊಡ್ಡಮ್ಮ" ಎಂದೆ.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಜುಟ್ಟಿಗೆ ವಯಸ್ಸಾಗಿದೆ, ದಿನ ಬಿಟ್ಟು ದಿನ ಇಡುತ್ತಾಳೆ. ಅಂದಮೇಲೆ ಇಷ್ಟು ಮೊಟ್ಟೆ ಕೂಡಲು ಬಹಳ ಕಾಲ ಹಿಡಿದಿರಬೇಕು. ಅದೂ ಬೇಸಿಗೆಯಲ್ಲಿ. ಆಮೇಲೆ ಗೌರತ್ತೆಯ ಕಡೆ ತಿರುಗಿ, ಎದುರಾಳಿಗೆ ಕೇಳುವ ಮೆತ್ತನೆಯ ದನಿಯಲ್ಲಿ ಕೇಳಿದೆ: "ಎಷ್ಟ್ ದಿನ ಕೂಡಿಟ್ಟಿದ್ದೆ ಅತ್ತೆ?"

"ಜ್ಞಾಪ್ಕ ಇಲ್ಲ ಕಣವ್ವ..."

"ಜ್ಞಾಪಕ ಇಲ್ಲದಷ್ಟು ದಿನ. ಅಲ್ವಾ?"

ವೇದಿಕೆಯಾಗಿದ್ದರೆ ಇಲ್ಲಿ ಚಪ್ಪಾಳೆ ಬೀಳುತ್ತಿತ್ತು. ಗೌರತ್ತೆ ನನ್ನನ್ನು ನೋಡಿದಳು — ಸಿಟ್ಟಿನಿಂದಲ್ಲ. ತಾನೇ ತಪ್ಪಿದೆನೇನೋ ಎಂಬ ಅನುಮಾನ ಅವಳ ಮುಖದಲ್ಲಿ ಮೂಡುತ್ತಿತ್ತು, ಅದನ್ನು ಮೂಡಿಸುತ್ತಿದ್ದವಳು ನಾನು, ಮೂಡುವುದನ್ನು ನೋಡುತ್ತಲೇ ಇದ್ದೆ.

"ಆಯ್ತು ಬುಡು ನಂಜಕ್ಕ" ಎಂದಳು. "ನನ್ ಮೊಟ್ಟೇನೂ ಹಳೇವು, ನಾನೂ ಹಳೇಳು."

ಖಾಲಿ ಮಂಕರಿ ಹಿಡಿದು ಹೋದಳು. ಆವತ್ತು ಬದುವಿನವರೆಗೆ ನಗು ಕೇಳಿಸಲಿಲ್ಲ.

ಚರ್ಚಾಸ್ಪರ್ಧೆಯಲ್ಲಿ ಮೊದಲ ಬಹುಮಾನ ನನಗೇ ಬಂತು. "ಮಾನ್ಯ ಅಧ್ಯಕ್ಷರೇ, ನಮ್ಮ ಮನೆಯಲ್ಲೇ ಕಬ್ಬಿಣ ಇಟ್ಟಿದ್ದರು, ಆದರೂ ಮೊಟ್ಟೆ ಕೆಟ್ಟವು. ಇದಕ್ಕಿಂತ ಪುರಾವೆ ಬೇಕೆ?" ತೀರ್ಮಾನ ಸರಿಯೇ ಇತ್ತು, ಕಬ್ಬಿಣದ ತುಂಡು ಗುಡುಗನ್ನು ತಡೆಯುವುದಿಲ್ಲ, ಇವತ್ತೂ ಅದನ್ನೇ ಹೇಳುತ್ತೇನೆ. ಪುರಾವೆ ಮಾತ್ರ ಹಸಿ ಸುಳ್ಳು. ಬಹುಮಾನ ಒಂದು ಸ್ಟೀಲ್ ಡಬ್ಬಿ. ದೊಡ್ಡಮ್ಮ ಹೆಮ್ಮೆಯಿಂದ ಅದನ್ನು ಅಡುಗೆಮನೆಯ ಗೂಡಿನಲ್ಲಿಟ್ಟು, ಒಳಗೆ — ಇನ್ನೇನು — ಮೊಟ್ಟೆ ಇಡತೊಡಗಿದಳು.

ಆಮೇಲೆ ಬದುವಿನ ಉದ್ದಕ್ಕೂ ಹಸಿರು ಬಲೆ ಬಂತು. ಯಾರು ಮೊದಲು ಗೂಟ ನೆಟ್ಟರು ಎನ್ನುವುದರಲ್ಲಿ ಇವತ್ತಿಗೂ ಎರಡು ಅಭಿಪ್ರಾಯಗಳಿವೆ. ಚಿಕ್ಕಣ್ಣ ಮಾವ ಮಂದೆಯನ್ನು ಬೇರೆಯವರ ಹೊಲಕ್ಕೆ ಹೊಡೆದುಕೊಂಡು ಹೋದ, ನಮ್ಮ ರಾಗಿ ಮುಂದಿನ ಸಲ ಮೊಳಕಾಲೆತ್ತರಕ್ಕೆ ನಿಂತು ಯೋಚಿಸತೊಡಗಿತು. ನಮ್ಮ ಕೋಳಿಗಳಿಗೆ ಹೊಂಗೆಯ ನೆರಳು ತಪ್ಪಿತು. ದೊಡ್ಡಮ್ಮ, ಗೌರತ್ತೆ ಮಾತು ಬಿಟ್ಟರು.

ಪೂರ್ತಿ ಬಿಟ್ಟರು ಅನ್ನುವುದೂ ತಪ್ಪು. ನಮ್ಮ ಹುಂಜ ಒಬ್ಬನಿಗೆ ಬಲೆ ಒಂದು ಲೆಕ್ಕವೇ ಅಲ್ಲ; ದಿನಾ ಹಾರಿ ಆಚೆ ಹೋಗುತ್ತಿದ್ದ. ಗೌರತ್ತೆ ಅವನನ್ನು ಹಿಡಿದು, ಬಲೆಯ ಮೇಲಿಂದ ಈಚೆ ಎಸೆಯುತ್ತ, ಊರಿಗೇ ಕೇಳುವಂತೆ ಹೇಳುತ್ತಿದ್ದಳು: "ಓಗ್ಲಾ! ನಿಮ್ಮನೇಲಿ ಓದಿರೋರವ್ರೆ, ಹಳೇ ಮನೇಗ್ಯಾಕ್ ಬತ್ತೀಯ?"

ದೊಡ್ಡಮ್ಮ ಹುಂಜವನ್ನು ಎತ್ತಿಕೊಂಡು ಸವರುತ್ತ, "ಬಾ ಮಗಾ. ಮಾನ ಮರ್ಯಾದೆ ಇಲ್ದೋನೇ. ಕರೀದಿದ್ರೂ ಓಯ್ತೀಯಲ್ಲ, ಅವ್ರೇನ್ ನಿಂಗೆ ಪಾಯಸ ಮಾಡಿಕ್ಕವ್ರಾ?" ಎನ್ನುತ್ತಿದ್ದಳು.

"ಪಾಯ್ಸ ಅಲ್ಲ, ಸಾರೇ ಮಾಡ್ತೀನಿ ನಾಳಿಂದ!" ಆಚೆಯಿಂದ. ಹುಂಜಕ್ಕೇ ಹೇಳಿದ್ದು, ಖಂಡಿತ.

ಇಬ್ಬರ ಸಮಾಚಾರವೂ ಹುಂಜದ ಮೂಲಕ ಹೀಗೆ ಓಡಾಡುತ್ತಿತ್ತು. ಯಾರಿಗೆ ಮಂಡಿನೋವು, ಯಾರ ಹಸು ಕರು ಹಾಕಿತು, ಎಲ್ಲ. ನನಗೆ ನಗು ಬರುತ್ತಿತ್ತು. ನಕ್ಕ ಮೇಲೆ...

ನಕ್ಕ ಮೇಲೆ ಜುಟ್ಟಿಯ ವಿಷಯ ಹೇಳಲೇಬೇಕು. ಆಮೇಲೂ ಅವಳು ಒಂದೋ ಎರಡೋ ಮೊಟ್ಟೆ ಇಟ್ಟಳಂತೆ. ಕೂರಿಸಲು ಗೌರತ್ತೆಗೆ ಕಾವಿನ ಕೋಳಿ ಸಿಗಲಿಲ್ಲ — ಕಾವಿನ ಕೋಳಿ ಬಲೆಯ ಈಚೆ ಇತ್ತು. ಒಂದು ಬೆಳಗ್ಗೆ ಬೀದಿನಾಯಿ ಅಟ್ಟಿಸಿಕೊಂಡು ಬಂತು. ಜುಟ್ಟಿ ಮೊದಲಿನ ಅಭ್ಯಾಸದಂತೆ ನಮ್ಮ ಕೊಟ್ಟಿಗೆಯ ಕಡೆ ಓಡಿಬಂದಳು. ಹುಂಜದ ಹಾಗೆ ಹಾರುವ ವಯಸ್ಸಲ್ಲ ಅವಳದು. ಬಲೆಗೆ ಸಿಕ್ಕಿಕೊಂಡಳು. ನಾನು ಓಡಿಹೋಗುವಷ್ಟರಲ್ಲಿ ನಾಯಿ ಅವಳನ್ನು ಎಳೆದುಕೊಂಡು ಹೋಗಿತ್ತು, ಬಲೆಯ ಕಣ್ಣುಗಳಲ್ಲಿ ಪುಕ್ಕ ಅಲ್ಲಾಡುತ್ತಿದ್ದವು. ಗೌರತ್ತೆ ಆಚೆ ಬದಿಯಲ್ಲಿ ನಿಂತು ಒಂದೊಂದೇ ಬಿಡಿಸಿಕೊಂಡಳು. ಆವತ್ತು ಹುಂಜದ ಮೂಲಕವೂ ಏನೂ ಹೇಳಿ ಕಳಿಸಲಿಲ್ಲ.

ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಯಾಕೆ ಎಂದು ಕೇಳಿದರೆ ಕಾರಣಗಳನ್ನು ಪಟಪಟ ಹೇಳಬಲ್ಲೆ — ಅದೇ ಸಮಸ್ಯೆ, ನಾನು ಯಾವುದಕ್ಕೆ ಬೇಕಾದರೂ ಕಾರಣ ಹೇಳಬಲ್ಲೆ.

ಡಿಗ್ರಿ ಮುಗಿಸಿ ನಾನು ದೊಡ್ಡಮ್ಮನ ಜೊತೆ ಹೊಲಕ್ಕೇ ನಿಂತೆ. ಮನೆಯಲ್ಲಿ ಎಲ್ಲರೂ ಬೇಡವೆಂದರು; ಎಲ್ಲರನ್ನೂ ವಾದದಲ್ಲಿ ಸೋಲಿಸಿದೆ. ಬೆಟ್ಟ ಹತ್ತಲು ಬರುವ ಬೆಂಗಳೂರಿನವರು ವಾಪಸ್ ಹೋಗುವಾಗ ನಿಲ್ಲಲೆಂದು ದಾರಿಯಲ್ಲಿ ಬೋರ್ಡು ಬರೆಸಿದೆ: "ಬಿಟ್ಟು ಸಾಕಿದ ನಾಟಿ ಕೋಳಿ ಮೊಟ್ಟೆ". ಬಂದವರಿಗೆ ಹೊಲ ಸುತ್ತಿಸಿ ಸಗಣಿ, ಹುಳ, ರಾಗಿ, ಹುಲ್ಲಿನ ಚಕ್ರ ವಿವರಿಸುತ್ತಿದ್ದೆ. ಇಲ್ಲಿ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿದೆ, ಯಾವುದೂ ಬೇಲಿಯೊಳಗಿಲ್ಲ ಎನ್ನುತ್ತಿದ್ದೆ.

ಕಳೆದ ಅವರೆಕಾಯಿ ಕಾಲದಲ್ಲಿ ಬಂದ ಒಬ್ಬ ಹೆಂಗಸು ನನ್ನ ಭಾಷಣ ಪೂರ್ತಿ ಕೇಳಿ, ಬದುವಿನ ಕಡೆ ಕೈ ತೋರಿಸಿ, "ಮತ್ತೆ ಆ ನೆಟ್ ಯಾಕೆ?" ಎಂದಳು.

"ನಾಯಿ ಕಾಟ" ಎಂದೆ.

ಎಷ್ಟು ಸಲೀಸಾಗಿ ಬಂತು ಆ ಉತ್ತರ! ಜುಟ್ಟಿಯನ್ನು ನಾಯಿಗೆ ಹಿಡಿದುಕೊಟ್ಟ ಬಲೆಯದು. ಬಲೆಯ ಆಚೆ ಗೌರತ್ತೆ ಹೊಂಗೆಯಡಿ ಕೂತು ಅವರೆಕಾಳು ಹಿತಕುತ್ತಿದ್ದಳು. ಕೇಳಿಸಿತೋ ಇಲ್ಲವೋ, ತಲೆ ಎತ್ತಲಿಲ್ಲ. ಆ ಹೆಂಗಸು ಮೊಟ್ಟೆ ತೆಗೆದುಕೊಂಡು ಹೋದಳು. ನಾನು ಅಲ್ಲೇ ನಿಂತೆ. ಬಿಟ್ಟು ಸಾಕುವ ಕೋಳಿಗೆ ಬೇಕಾದದ್ದು ಜಾಗ ಎಂದುಕೊಂಡಿದ್ದೆ. ಅಲ್ಲ. ಪಕ್ಕದವಳು ಬಯ್ಯದೆ ಇರಬೇಕು, ಅಷ್ಟೇ. ಅದೊಂದನ್ನು ಕೆಡಿಸಿ, ಬಂದವರಿಗೆಲ್ಲ ಚಕ್ರ ತೋರಿಸುತ್ತಿದ್ದೆ.

ದೊಡ್ಡಮ್ಮನನ್ನು ಕೂಗಿದೆ. ಕೈ ಹಿಡಿದು ಬಲೆಯ ಹತ್ತಿರ ಕರೆದುಕೊಂಡು ಹೋದೆ. ಅವಳು ಈಚೆ, ಗೌರತ್ತೆ ಆಚೆ. ಹೇಳಿದೆ. ಕಬ್ಬಿಣ, ಟಾರ್ಚು, ಮಿಡಿಯುತ್ತಿದ್ದ ಚುಕ್ಕೆ, ಫೋನು, ಸೂರಿನ ನೀರು, ಕಾಡಿಗೆ ಪೆನ್ಸಿಲು, ತಿಪ್ಪೆ, ಸ್ಟೀಲ್ ಡಬ್ಬಿ. ಪಾಯಿಂಟು ಮಾಡದೆ ಹೇಳುವುದು ಎಷ್ಟು ಕಷ್ಟವೆಂದು ಆವತ್ತು ಗೊತ್ತಾಯಿತು. ಎರಡು ಸಲ "ಆದರೆ" ಎಂದು ಬಾಯಿಗೆ ಬಂತು, ಎರಡು ಸಲವೂ ನುಂಗಿದೆ.

ಮೊದಲು ಮಾತಾಡಿದವಳು ದೊಡ್ಡಮ್ಮ. "ಅದ್ಕೇ ಕಣೇ! ಗೆರೆ ಅಷ್ಟ್ ನೈಸಾಗಿದ್ವು. ನಾನ್ ಎಳ್ದಿದ್ದು ಹಿಂಗಿರ್ಲಿಲ್ವಲ್ಲ ಅಂದ್ಕಂಡೆ. ಮೊಟ್ಟೆಗೆ ಕಾಡಿಗೆ ಹಚ್ಚವ್ಳೆ, ಹಾಳಾದೋಳು!"

ಗೌರತ್ತೆ ಬೆರಳಿಗಂಟಿದ್ದ ಅವರೆ ಸಿಪ್ಪೆ ಬಿಡಿಸಿಕೊಳ್ಳುತ್ತ ಕೇಳಿದಳು: "ಯಾವ ಬೇಸನ್ನು?"

"ನೀಲಿದು, ಅತ್ತೆ."

"ಅದು ನಂದು."

"ನಿಂದಾ?" ಎಂದಳು ದೊಡ್ಡಮ್ಮ.

"ನಂದೇ ಮತ್ತೆ. ಮೊಟ್ಟೆ ತಂದಿದ್ದು ಅದ್ರಲ್ಲೇ ತಾನೇ? ನೀನ್ ವಾಪಸ್ ಕೊಡ್ಲೇ ಇಲ್ಲ. ಇಷ್ಟ್ ದಿನ ಅದ್ರಲ್ಲಿ ಹಸೀಗೆ ಬೂಸಾ ಕಲ್ಸಿದ್ದೀಯ, ನಾನ್ ನೋಡಿಲ್ವಾ ಇಲ್ಲಿಂದ?"

"ನೋಡ್ದೋಳು ಕೇಳ್ಬೇಕಿತ್ತಪ್ಪ! ಬಾಯಿ ಏನ್ ಬಿದ್ದೋಗಿತ್ತಾ?"

"ಮಾತ್ ಬಿಟ್ಟೋರತ್ರ ಏನಂತ ಕೇಳಾನ? ಹುಂಜದ್ ಕೈಲಿ ಹೇಳಿಕಳ್ಸಿದ್ದೆ!"

ಇಬ್ಬರೂ ಬೇಸನ್ನಿನ ಮೇಲೆ ಜೋರು ಜಗಳಕ್ಕೆ ಬಿದ್ದರು. ನೇರವಾಗಿ, ಮುಖಕ್ಕೆ ಮುಖ ಕೊಟ್ಟು, ಮಧ್ಯೆ ಯಾವ ಕೋಳಿಯೂ ಇಲ್ಲದೆ. ದೊಡ್ಡಮ್ಮನಿಗೆ ನಗು ಬಂದು ಬಲೆ ಹಿಡಿದುಕೊಂಡಳು, ಬಲೆಯ ಒಂದು ಗೂಟ ಕಿತ್ತು ಬಂತು. ಮೂವರೂ ನಕ್ಕೆವು. ನಗು ನಿಂತಾಗ ಗೌರತ್ತೆ ನನ್ನ ಕಡೆ ತಿರುಗಿದಳು.

"ಬೇಸನ್ ಬುಡು. ಜುಟ್ಟಿ?" ಎಂದಳು.

ಅಷ್ಟೇ ಕೇಳಿದ್ದು. ಎಷ್ಟೋ ವೇದಿಕೆಗಳಲ್ಲಿ ಗಂಟೆ ಹೊಡೆದರೂ ಮಾತು ನಿಲ್ಲಿಸದವಳು ನಾನು. ಬಗ್ಗಿ, ಕಿತ್ತು ಬಂದ ಗೂಟ ಎತ್ತಿಕೊಂಡೆ. ಗೌರತ್ತೆ ಅವರೆ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಬಲೆಯನ್ನು ನಾನೇ ಬಿಚ್ಚಿದೆ. ಹುಂಜವನ್ನು ಬಿಟ್ಟು ಉಳಿದ ಕೋಳಿಗಳು ಬಹಳ ದಿನ ದಾಟಲಿಲ್ಲ. ಬದುವಿನವರೆಗೆ ಮೇಯುತ್ತ ಹೋಗಿ, ಬಲೆ ಇದ್ದ ಜಾಗ ಬಂದ ಕೂಡಲೆ, ಇಲ್ಲದ ಬಲೆಗೆ ಹೆದರಿ ತಿರುಗಿ ಬರುತ್ತಿದ್ದವು. ಹೊಂಗೆಯಡಿ ಒಂದು ಹಿಡಿ ರಾಗಿ ಎರಚಿ ಕರೆದವಳು ಗೌರತ್ತೆ. ಸುಗ್ಗಿಯ ಮೇಲೆ ಚಿಕ್ಕಣ್ಣ ಮಾವ ಏನೂ ಕೇಳದೆ, ಏನೂ ಹೇಳದೆ, ಮಂದೆಯನ್ನು ನಮ್ಮ ಹೊಲಕ್ಕೆ ತಿರುಗಿಸಿದ.

ನಾನು ನಂದಗುಡಿಗೆ ಹೋದೆ, ಗೌರತ್ತೆಯ ತವರಿಗೆ. ಅಲ್ಲಿ ಈಗ 'ನಮಸ್ಕಾರ' ಮುಗಿಯುವ ಮೊದಲೇ ಜಮೀನಿನ ಮಾತು. ಯಾರ ಹೊಲ ಯಾವ ಯೋಜನೆಗೆ ಹೋಗುತ್ತದಂತೆ, ಹೋಗುವುದಿಲ್ಲವಂತೆ. ಜುಟ್ಟಿನ ಕೋಳಿ ಇದೆಯೇ ಎಂದು ಕೇಳಿಕೊಂಡು ಬಂದವಳನ್ನು ಎಲ್ಲರೂ ವಿಚಿತ್ರವಾಗಿ ನೋಡಿದರು. ಗೌರತ್ತೆಯ ಅಣ್ಣನ ಸೊಸೆ ಮಾತ್ರ, "ಹಿತ್ತಲಲ್ಲಿ ಒಂದೈತೆ, ಅದೇ ಜಾತಿದೋ ಏನೋ ನಂಗ್ ಗೊತ್ತಿಲ್ಲ" ಎಂದು ಮೊಟ್ಟೆಗಳನ್ನು ಕೊಟ್ಟಳು. ಸ್ಟೀಲ್ ಡಬ್ಬಿಯಲ್ಲಿ ರಾಗಿ ತುಂಬಿ, ಅದರೊಳಗೆ ಹೂತು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ.

ಕರಿಕೋಳಿಯ ಮಗಳು ಕಾವಿಗೆ ಕೂತಳು. ಮಂಕರಿಗೆ ಕಬ್ಬಿಣ ಇಟ್ಟವಳು ನಾನೇ. ನಂಬಿ ಅಲ್ಲ, ಗೌರತ್ತೆ ನೋಡುತ್ತಿದ್ದಳು. ಗುಡುಗು ಬರಲೇ ಇಲ್ಲ, ಹಾಗಾಗಿ ಆ ವಿಷಯದ ಮೇಲಿನ ಚರ್ಚೆ ನಮ್ಮ ಮನೆಯಲ್ಲಿ ಇನ್ನೂ ಮುಂದುವರಿದಿದೆ. ಕಬ್ಬಿಣ ಇಟ್ಟ ಮೇಲೆ ಮಂಕರಿಯ ಹತ್ತಿರ ಮಾತ್ರ ನಾನು ಮತ್ತೆ ಹೋಗಲಿಲ್ಲ.

ಮರಿಗಳು ಬಂದವು. ಗೌರತ್ತೆಗೆ ಪಾಲಲ್ಲ, ಎಲ್ಲವೂ ಅವಳಿಗೇ. ಪುಕ್ಕ ಬಲಿಯುತ್ತ ಬಂದಂತೆ ಒಂದು ಮರಿಯ ತಲೆಯ ಮೇಲೆ ಏನೋ ನಿಗುರಿತು. ಮೊದಲು ಕಂಡವಳು ನಾನು. ಎತ್ತಿಕೊಂಡು ಬದು ಹಾರಿ ಓಡಿದೆ. "ಅತ್ತೆ! ಜುಟ್ಟು! ನೋಡತ್ತೆ!"

ಗೌರತ್ತೆ ಮರಿಯನ್ನು ಅಂಗೈಯಲ್ಲಿ ಕೂರಿಸಿಕೊಂಡಳು. ಹೆಬ್ಬೆರಳಿನಿಂದ ತಲೆ ಸವರಿದಳು. ಈ ಕಡೆ ತಿರುಗಿಸಿದಳು, ಆ ಕಡೆ ತಿರುಗಿಸಿದಳು.

"ಜುಟ್ಟೈತೆ" ಎಂದಳು. "ಜುಟ್ಟಿ ಅಲ್ಲ."

ನನ್ನ ನಾಲಿಗೆಯ ತುದಿಗೆ ಬಂತು — ಅದೇ ತವರು, ಅದೇ ಹಿತ್ತಿಲು, ಒಂದೇ ಬಳ್ಳಿಯ ಕುಡಿ ಇರಬಹುದು, ಇಲ್ಲವೆನ್ನಲು ಆಧಾರವೇನು... ಪಾಯಿಂಟುಗಳು ತಾವಾಗಿಯೇ ಸಾಲಾಗಿ ನಿಂತವು. ಒಂದನ್ನೂ ಹೇಳಲಿಲ್ಲ.

ಗೌರತ್ತೆ ಮರಿಯನ್ನು ನೆಲಕ್ಕೆ ಬಿಟ್ಟು, ಸೆರಗಿನ ಗಂಟು ಬಿಚ್ಚಿ ಅದರ ಮುಂದೆ ನಾಲ್ಕು ಕಾಳು ರಾಗಿ ಉದುರಿಸಿದಳು. ನಾನು ನೀರು ತರಲು ಹೋದೆ.